ಡೂಪ್ ತಿರುಗಬಾರದು

ಬಸ್ಸಿನಿಂದ ಇಳಿದ ಹದಿನೇಳು ಜನರಲ್ಲಿ ಅವಳನ್ನು ನಾನು ಬೆನ್ನು ನೋಡಿಯೇ ಗುರುತು ಹಿಡಿದೆ.

ಹಳೆಯ ಸಿನಿಮಾಗಳ ಶೂಟಿಂಗ್ ನಡೆದ ಜಾಗಗಳನ್ನು ಸುತ್ತಿ ಬರುವ ಟೂರ್ ಬಸ್ಸಿನವರಿಗೆ ಈ ಕಬ್ಬಿಣದ ಸೇತುವೆ ತೋರಿಸುವುದು ನನ್ನ ಕೆಲಸ. ಇದೇ ಅವರ ಕೊನೆಯ ಸ್ಟಾಪ್. ಇಲ್ಲಿ ಶೂಟಿಂಗ್ ಆದ ಸಿನಿಮಾದ ಕೊನೆಯಲ್ಲಿ ಹೀರೋ ಇದರ ಮೇಲೆ ಹಿಂದಿರುಗಿ ನೋಡದೆ ನಡೆದುಹೋಗುತ್ತಾನೆ, ಹೀರೋಯಿನ್ ನಿಂತು ನೋಡುತ್ತಾಳೆ. ಇಬ್ಬರ ಬೆನ್ನು ಮಾತ್ರ ಕಾಣುತ್ತದೆ. ಜನ ಇಲ್ಲಿಗೆ ಬಂದು, ಕಣ್ಣೊರೆಸಿಕೊಂಡು, ಫೋಟೊ ತೆಗೆಸಿಕೊಂಡು ಹೋಗುತ್ತಾರೆ.

ಆ ಶಾಟ್ ತೆಗೆದ ಸಂಜೆ ಹೀರೋ ಹೊಟ್ಟೆ ಕೆಟ್ಟು ಹೋಟೆಲಿನಲ್ಲಿ ಮಲಗಿದ್ದ, ಹೀರೋಯಿನ್ ಆಗಲೇ ಬೇರೆ ಶೂಟಿಂಗಿಗೆ ಹೋಗಿದ್ದಳು. ಪಾಪ, ಅಳುವವರಿಗೆ ಇದನ್ನೆಲ್ಲ ಹೇಳಿ ಯಾಕೆ ಬೇಸರ ಮಾಡಬೇಕು? ಆ ಎರಡು ಬೆನ್ನು ಅವರ ಡೂಪ್‌ಗಳದು. ಒಂದು ನನ್ನದು, ಇನ್ನೊಂದು ಅವಳದು.

"ಅಂಕಲ್, ಹೀರೋ ಎಷ್ಟು ಸ್ಟೈಲಾಗಿ ನಡೀತಾನೆ ಅಲ್ವಾ?" ಅವಳ ಮಗಳು ಕೇಳಿದಳು.

"ಏನ್ ಸ್ಟೈಲೋ! ಕಾಲು ಎಳ್ಕೊಂಡು ನಡೀತಾನೆ," ಎಂದು ಅವಳು ಓರೆಗಣ್ಣಿನಲ್ಲಿ ನನ್ನನ್ನು ನೋಡಿದಳು. ಅಂದರೆ ಅವಳೂ ಗುರುತು ಹಿಡಿದಿದ್ದಳು.

"ಶೂ ಬಿಗಿ ಇತ್ತು," ಎಂದೆ.

ಮಗಳು ಫೋನ್ ಹಿಡಿದು ಮುಂದೆ ಓಡಿದಳು. ನಾವಿಬ್ಬರೂ ಕಂಬಿಗೆ ಒರಗಿ ನಿಂತೆವು.

"ಮಗಳಿಗೆ ಹೇಳಿಲ್ವಾ?" ಎಂದೆ.

"ಏನಂತ ಹೇಳ್ಲಿ? ಆ ಬೆನ್ನು ನಂದೇ ಅಂತಾನಾ?"

ನಗುವಾಗ ಕೆಳತುಟಿ ಕಚ್ಚಿಕೊಳ್ಳುವ ಅವಳ ಅಭ್ಯಾಸ ಇನ್ನೂ ಹೋಗಿರಲಿಲ್ಲ. ಎರಡು ತಿಂಗಳ ಶೂಟಿಂಗಿನಲ್ಲಿ ಆ ನಗು ನೋಡಲೆಂದೇ ನಾನು ಎಷ್ಟು ಮಂಗಾಟ ಆಡಿದ್ದೆನೋ.

"ಒಂದು ಮಾತು ಕೇಳ್ಲಾ?" ಅವಳು ನದಿ ನೋಡುತ್ತಲೇ ಅಂದಳು. "ಅವತ್ತು ನೀವು ನಡ್ಕೊಂಡು ಹೋಗ್ತಿದ್ದಾಗ ನಾನು ಹಿಂದಿನಿಂದ ಕೂಗಿದ್ದೆ. ನಿಮ್ಮನ್ನ ಬಿಟ್ಟಿರೋಕೆ ಆಗಲ್ಲ, ನಿಂತ್ಕೊಳ್ಳಿ ಅಂತ. ಗಾಳಿ ಜೋರಿತ್ತು, ಕೇಳಿಸಿರಲ್ಲ ಅಂತ ಸಮಾಧಾನ ಮಾಡ್ಕೊಂಡೆ."

ಹೌದು, ಗಾಳಿಯಲ್ಲಿ ಕೇಳಿಸಲಿಲ್ಲ ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷ ನುಂಗಿಕೊಂಡಿದ್ದು ಬಾಯಿಗೆ ಬಂದೇಬಿಟ್ಟಿತು.

"ಕೇಳಿಸಿತ್ತು."

ಅವಳು ಮೆಲ್ಲಗೆ ನನ್ನ ಕಡೆ ತಿರುಗಿದಳು. "ಮತ್ತೆ ಯಾಕೆ ನಿಲ್ಲಲಿಲ್ಲ?"

"ತಿರುಗಿದ್ರೆ ಮುಖ ಕಾಣ್ತಿತ್ತು. ಸೂರ್ಯ ಮುಳುಗ್ತಿದ್ದ, ಇನ್ನೊಂದು ಟೇಕ್ ತೆಗೆಯೋಕೆ ಬೆಳಕಿರಲಿಲ್ಲ. ಡೂಪ್ ತಿರುಗಬಾರದು ಅಂತ ಡೈರೆಕ್ಟರು ಹತ್ತು ಸಲ ಹೇಳಿದ್ರು. ಕಟ್ ಅಂದ ತಕ್ಷಣ ಓಡಿ ಬಂದೆ. ಅಷ್ಟರಲ್ಲಿ ನಿಮ್ಮ ವ್ಯಾನ್ ಹೊರಟುಹೋಗಿತ್ತು."

"ಮ್ಯಾನೇಜರ್ ಹತ್ರ ನನ್ನ ಅಡ್ರೆಸ್ ಇತ್ತಲ್ಲ."

"ಕೇಳೋಕೆ ನಾಚಿಕೆ. ನಾಚಿಕೆ ಬಿಟ್ಟು ಕೇಳೋ ಹೊತ್ತಿಗೆ ನಿಮ್ಮ ಮದುವೆ ಆಗಿತ್ತು. ನಂಗೂ ನೀವಂದ್ರೆ ಪ್ರಾಣ ಆಗಿತ್ತು ಕಣ್ರೀ. ಈಗ್ಲೂ..."

"ಈಗ್ಲೂ ಅನ್ನಬೇಡಿ."

ಕಂಬಿಯ ಮೇಲೆ ಅವಳ ಕೈ ನನ್ನ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಆ ಒಂದು ಗೇಣು ದಾಟುವ ಧೈರ್ಯ ನನಗೆ ಇವತ್ತೂ ಬರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಕೇಳಿಸಿರಲ್ಲ ಅಂದ್ಕೊಂಡಾಗ ಬದುಕೋದು ಸುಲಭ ಇತ್ತು," ಎಂದಳು.

ಅಷ್ಟರಲ್ಲಿ ಮಗಳು "ಅಮ್ಮಾ, ಬಸ್ ಹೊರಡುತ್ತಂತೆ!" ಎಂದು ಕರೆದಳು. ಅವಳು ಅಂಗೈಯಲ್ಲಿ ಕಣ್ಣೊರೆಸಿಕೊಂಡು ನನ್ನ ಮುಖವನ್ನೇ ನೋಡಿದಳು.

"ಹೋಗ್ಲಿ ಬಿಡಿ. ಶಾಟ್ ಅಂತೂ ಚೆನ್ನಾಗಿ ಬಂದಿದೆ," ಎಂದು ಹೇಳಿ ಮಗಳ ಕೈ ಹಿಡಿದುಕೊಂಡು ಬಸ್ ಹತ್ತಿದಳು.