ಬಟ್ಟಲು ಹೊಡೆಯುವ ಕೋಲು

ಬೇಸಿಗೆ ರಜೆಯ ಕೊನೆಯ ವಾರ. ಬೆಳಗಿನ ಬಿಸಿಲು ಕಿಟಕಿ ದಾಟಿ ಹೊಲಿಗೆ ಮಶೀನುಗಳ ಮೇಲೆ ಬಿದ್ದಿತ್ತು. ಗೋಡೆ ಗಡಿಯಾರದಲ್ಲಿ ಎಂಟಾಗಲು ಇನ್ನು ಸ್ವಲ್ಪವೇ ಬಾಕಿ. ಆಗ ರೇಡಿಯೋಳ ಕೈಯಲ್ಲಿದ್ದ ಕೋಲು ಜಾರಿ ಕಿಟಕಿಯಿಂದ ಕೆಳಗೆ ಬಿತ್ತು.

ಬಿದ್ದ ಸದ್ದೂ ಕೇಳಲಿಲ್ಲ. ಕೆಳಗೆ ಕಸದ ಗಾಡಿ ನಿಂತಿತ್ತು. ಕೋಲು ಮೆತ್ತಗೆ ಅದರೊಳಗೆ ಹೋಗಿ ಕೂತಿತು. ಗಾಡಿ ಒಮ್ಮೆ ಕೆಮ್ಮಿ, ಹೊರಟುಹೋಯಿತು.

ರೇಡಿಯೋ ಅನ್ನುವುದು ಅವಳ ನಿಜವಾದ ಹೆಸರಲ್ಲ. ಐದನೇ ಕ್ಲಾಸಿನ ಹುಡುಗಿಗೆ ಯಾರು ಅಂಥ ಹೆಸರಿಡುತ್ತಾರೆ? ಎದ್ದಾಗಿನಿಂದ ಮಲಗುವ ತನಕ ಬಾಯಿಗೆ ಬೀಗವಿಲ್ಲ ಅಂತ ತಾತ ಹಾಗೆ ಕರೆಯುತ್ತಿದ್ದ. ಈಗ ಮಾತ್ರ ಆ ಬಾಯಿ ತೆರೆಯುವಂತಿರಲಿಲ್ಲ. ಹಾಲ್ ತುಂಬ ಜನ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಿದ್ದರು.

ಆ ಹಾಲಿನಲ್ಲಿ ಅವಳ ಚಿಕ್ಕಮ್ಮ ಹೊಲಿಗೆ ಕ್ಲಾಸ್ ನಡೆಸುತ್ತಿದ್ದಳು. ರಜೆಯಲ್ಲಿ ಕ್ಲಾಸ್ ಇರಲಿಲ್ಲ. ಮಶೀನುಗಳನ್ನು ಗೋಡೆಗೆ ಸರಿಸಿ, ಬೆಳಗಿನ ಹೊತ್ತು, ಬೇರೆ ಊರಿಂದ ಕೆಲವು ದಿನಕ್ಕೆ ಬಂದಿದ್ದ ಧ್ಯಾನದ ಟೀಚರಮ್ಮನಿಗೆ ಬಿಟ್ಟುಕೊಟ್ಟಿದ್ದಳು.

ಬುದ್ಧ ಹೇಳಿಕೊಟ್ಟ ಧ್ಯಾನ ಅಂದಾಗ ಏನೋ ಭಾರಿ ಇರಬೇಕು ಅಂದುಕೊಂಡಿದ್ದಳು ರೇಡಿಯೋ. ನೋಡಿದರೆ ಮಂತ್ರವಿಲ್ಲ, ಹಾಡಿಲ್ಲ. ಮೂಗಿನ ತುದಿಯಲ್ಲಿ ಉಸಿರು ಬರುವುದನ್ನು, ಹೋಗುವುದನ್ನು ಗಮನಿಸುತ್ತ ಕೂರಬೇಕು. ಆಮೇಲೆ ತಲೆಯಿಂದ ಕಾಲಿನವರೆಗೆ ಮೈಯನ್ನೆಲ್ಲ ಗಮನಿಸಬೇಕು. ಎಲ್ಲಿ ತುರಿಕೆ, ಎಲ್ಲಿ ನೋವು, ಎಲ್ಲಿ ಬಿಸಿ ಅಂತ. ಬಂದದ್ದನ್ನು ಓಡಿಸಬಾರದು. ಹಿಡಿದು ಕೂರಿಸಿಕೊಳ್ಳಲೂಬಾರದು.

“ನೋಡಿದ್ರೆ ಏನಾಗುತ್ತೆ?” ಅಂತ ಕೇಳಿದ್ದಳು.

“ಅದನ್ನೂ ನೋಡು,” ಅಂದಿದ್ದರು ಟೀಚರಮ್ಮ.

ಅವರಿಗೆ ಇದನ್ನು ಕಲಿಸಿದವರು ಒಬ್ಬ ನರ್ಸ್ ಅಂತೆ. ನರ್ಸಿಗೆ ಕಲಿಸಿದವರು ಒಬ್ಬ ವಯಸ್ಸಾದ ಭಿಕ್ಷು. ಭಿಕ್ಷುವಿಗೆ ಅವರ ಗುರು. ಹಾಗೇ ಹಿಂದೆ ಹಿಂದೆ ಹೋಗುತ್ತಿದ್ದರೆ ಕೊನೆಗೆ ಬುದ್ಧ ಸಿಗುತ್ತಾನೆ ಅಂತ ಅವರೆಲ್ಲರ ನಂಬಿಕೆ. ಭಿಕ್ಷುವಿನಿಂದ ನರ್ಸಿಗೆ, ನರ್ಸಿನಿಂದ ಟೀಚರಮ್ಮನಿಗೆ ಒಂದು ಕಂಚಿನ ಬಟ್ಟಲೂ ಬಂದಿತ್ತು. ಮರದ ಕೋಲಿನಿಂದ ಮೆಲ್ಲಗೆ ತಟ್ಟಿದರೆ ಟಣ್ ಎಂದು ಎಷ್ಟೋ ಹೊತ್ತು ಗುನುಗುತ್ತಿತ್ತು. ಆ ಸದ್ದು ಕೇಳಿದ ಮೇಲೇ ಎಲ್ಲರೂ ಕಣ್ಣು ಬಿಡಬೇಕು. ಟೀಚರಮ್ಮನೂ ಅಷ್ಟೇ.

ಮೊದಲ ದಿನ ರೇಡಿಯೋ ತಾತನ ಪಕ್ಕ ಕೂತು, ಯಾವಾಗ ಮುಗಿಯುತ್ತೆ, ಯಾವಾಗ ಮುಗಿಯುತ್ತೆ ಅಂತ ಅವನ ತಲೆ ತಿಂದಿದ್ದಳು. ಟೀಚರಮ್ಮ ಕೋಲನ್ನು ತಂದು ಅವಳ ಕೈಗೇ ಕೊಟ್ಟರು. “ಮುಗಿಯೋದರ ಮೇಲೆ ನಿನಗೇ ಜಾಸ್ತಿ ಕಾಳಜಿ. ಗಡಿಯಾರ ನೋಡ್ಕೊಂಡು ಎಂಟಕ್ಕೆ ಸರಿಯಾಗಿ ನೀನೇ ಹೊಡಿ.”

ಚಿಕ್ಕಮ್ಮ ತಡೆದಿದ್ದಳು. “ಅವಳ ಕೈಗೆ ಕೊಟ್ಟದ್ದು ಬಾವಿಗೆ ಹಾಕಿದ ಹಾಗೆ ಕಣ್ರೀ. ಛತ್ರಿ ಹೋಯ್ತು, ಟಿಫಿನ್ ಬಾಕ್ಸ್ ಹೋಯ್ತು. ಚಪ್ಪಲಿ ಹೋಯ್ತು, ಅದೂ ಒಂದೇ ಕಾಲಿಂದು. ಇದನ್ನೂ ಕಳೆದ್ರೆ ನಾಳೆಯಿಂದ ನಾನೇ ಹೊಡೀತೀನಿ.”

ಹೋಗಿದ್ದು ಒಂದೇ ಕಾಲಿಂದು ಅನ್ನುವುದೇ ರೇಡಿಯೋಗೆ ಹೆಚ್ಚು ನಾಟಿತು. ಕೊನೆಯ ದಿನದ ಬಟ್ಟಲು ತಾನೇ ಹೊಡೆಯಬೇಕು ಅಂತ ಅವತ್ತೇ ನಿಶ್ಚಯಿಸಿದಳು. ಕೋಲನ್ನು ಹಿಡಿದ ಕೈ ಬಿಡುತ್ತಿರಲಿಲ್ಲ. ಇವತ್ತು ಮಾತ್ರ ಬೆರಳಿನ ಮೇಲೆ ತಿರುಗಿಸಿ ನೋಡೋಣ ಅನ್ನಿಸಿತ್ತು.

ಗಡಿಯಾರದಲ್ಲಿ ಎಂಟಾಯಿತು. ಎಂಟು ದಾಟಿತು.

ಬೆರಳ ಗೆಣ್ಣಿನಿಂದ ಬಟ್ಟಲನ್ನು ತಟ್ಟಿದಳು. ತಲೆಗೆ ಮೊಟಕಿದಂತೆ ಡಬ್ ಅಂತು. ಯಾರೂ ಕದಲಲಿಲ್ಲ. ಹತ್ತಿರದಲ್ಲೇ ಚಿಕ್ಕಮ್ಮನ ಕತ್ತರಿ ಇತ್ತು. ಆದರೆ ಕಬ್ಬಿಣ ತಾಗಿದರೆ ಬಟ್ಟಲು ಬಿರುಕು ಬಿಟ್ಟೀತು ಅಂತ ಟೀಚರಮ್ಮ ಹೇಳಿದ್ದರು.

ತಾತನ ಕಡೆ ನೋಡಿದಳು. ತಾತ ಬಸ್ ಕಂಡಕ್ಟರ್ ಆಗಿ ರಿಟೈರ್ ಆದವನು. ಸೀಟಿ ಊದದೆ ಬಸ್ಸು ಕದಲಬಾರದು ಅನ್ನುವವನು. ಬಟ್ಟಲು ಕೇಳದೆ ಏಳುವ ಆಸಾಮಿಯೇ ಅಲ್ಲ. ಅವನ ಮಂಡಿನೋವು ಮನೆಮಂದಿಗೆಲ್ಲ ಗೊತ್ತಿದ್ದದ್ದೇ. ಹಣೆಯ ಮೇಲೆ ಬೆವರು ಮೂಡಿತ್ತು. ಆದರೂ ಅಲ್ಲಾಡದೆ ಕೂತಿದ್ದ.

ಮೆಟ್ಟಿಲ ಮೇಲೆ ಸದ್ದಾಯಿತು. ಕೆಳಗಿನ ಕಟಿಂಗ್ ಶಾಪಿನ ಯಜಮಾನ ಇಲ್ಲೇ ಕಣ್ಣು ಮುಚ್ಚಿ ಕೂತಿದ್ದ. ಅವನನ್ನು ಹುಡುಕಿಕೊಂಡು ಗಿರಾಕಿಯೊಬ್ಬ ಮೇಲೆ ಬಂದಿದ್ದ. ಸಾಲಾಗಿ ಕೂತ ಜನರನ್ನು ನೋಡಿ, ಇದೇ ಕ್ಯೂ ಇರಬೇಕು ಅಂದುಕೊಂಡನೋ ಏನೋ, ಕೊನೆಯಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಅವನೂ ಕಣ್ಣು ಮುಚ್ಚಿದ.

ರೇಡಿಯೋಳ ಹೊಟ್ಟೆಯಲ್ಲಿ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಕಿಟಕಿಯ ಮೇಲೆ ಕಾಗೆಯೊಂದು ಬಂದು ಕೂತಿತು. ಕಾಗೆ ಕೋಲನ್ನು ಎತ್ತಿಕೊಂಡು ಹೋಯಿತು ಅಂದರೆ ಆಯಿತಲ್ಲ. ಎಲ್ಲರೂ ಕಣ್ಣು ಮುಚ್ಚಿದ್ದರು, ಯಾರು ನೋಡಿದ್ದಾರೆ? ಸುಳ್ಳು ಎಷ್ಟು ಚೆನ್ನಾಗಿತ್ತೆಂದರೆ ಸಾಕ್ಷಿಯೇ ಬಂದು ಎದುರಿಗೆ ಕೂತಿತ್ತು.

ಬೇರೇನೂ ಮಾಡಲು ತೋಚದೆ ಅವಳು ಹೊಟ್ಟೆಯೊಳಗಿನದನ್ನೇ ನೋಡತೊಡಗಿದಳು. ಭಯ ಎಲ್ಲಿದೆ? ಹೊಕ್ಕುಳದ ಹತ್ತಿರ. ಅಲ್ಲ, ಎದೆಗೆ ಬಂತು. ಹಿಡಿಯೋಣ ಅನ್ನುವಷ್ಟರಲ್ಲಿ ಗಂಟಲಿಗೆ ಬಂದು ಕಾವೇರಿತು. ಆಮೇಲೆ ಕಿವಿ ಬಿಸಿಯಾಯಿತು. ಒಂದು ಕಡೆ ನಿಲ್ಲದ ಮಗುವಿನ ಹಾಗೆ ಅದು ಓಡಾಡುತ್ತಿತ್ತು. ಅವಳು ಹಿಂದೆ ಓಡಲಿಲ್ಲ, ನೋಡುತ್ತಲೇ ಇದ್ದಳು. ಅದು ಪೂರ್ತಿ ಹೋಗಲಿಲ್ಲ. ಆದರೆ ಹಿಂಡುವುದನ್ನು ಬಿಟ್ಟಿತು. ಅಷ್ಟರಲ್ಲಿ ಕಾಗೆ ಹಾರಿಹೋಗಿತ್ತು.

ರೇಡಿಯೋ ಬೆನ್ನು ನೆಟ್ಟಗೆ ಮಾಡಿದಳು. ಬಾಯಿ ತೆರೆದಳು.

“ಟಣ್ಣ್ಣ್,” ಅಂದಳು. ಬಟ್ಟಲಿನ ಹಾಗೆಯೇ, ಉಸಿರು ಮುಗಿಯುವ ತನಕ ಗುನುಗಿದಳು.

ಒಬ್ಬೊಬ್ಬರೇ ಕಣ್ಣು ಬಿಟ್ಟರು. ಗಿರಾಕಿ ಎಲ್ಲರಿಗಿಂತ ತಡವಾಗಿ ಬಿಟ್ಟ.

“ಕೋಲು ಎಲ್ಲೇ?” ಚಿಕ್ಕಮ್ಮ ಕೇಳಿದಳು.

“ಕಸದ ಗಾಡೀಲಿ ಹೋಯ್ತು. ಕಿಟಕಿ ಹತ್ರ ತಿರುಗಿಸ್ತಾ ಇದ್ದೆ. ಎಂಟಾಗಿ ತುಂಬಾ ಹೊತ್ತಾಯ್ತು. ಹೇಳೋಕೆ ಭಯ ಆಗಿತ್ತು.”

“ಈಗ?” ಅಂದರು ಟೀಚರಮ್ಮ.

“ಈಗ ಕಿವೀಲಿದೆ. ಸ್ವಲ್ಪ.”

ಟೀಚರಮ್ಮ ತಲೆಯಾಡಿಸಿದರು. ಚಿಕ್ಕಮ್ಮ ಏನೋ ಹೇಳಹೊರಟಳು. ಅಷ್ಟರಲ್ಲಿ ತಾತ ತನ್ನ ಮಂಡಿಯನ್ನು ಯಾರದೋ ಮಂಡಿಯ ಹಾಗೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಬಾಯಿ ಹಾಕಿದ.

“ದಿನಾ ಬಟ್ಟಲು ಆದ ತಕ್ಷಣ ಕಾಲು ಚಾಚ್ತಿದ್ದೆ, ನೋವು ಅಲ್ಲೇ ಇರ್ತಿತ್ತು. ಇವತ್ತು ಹತ್ತಿತು, ಕೂತ್ಕೊಂತು, ತನ್ನ ಪಾಡಿಗೆ ತಾನು ಇಳೀತು. ನಾನು ಟಿಕೆಟ್ಟೂ ಕೇಳಲಿಲ್ಲ.”

ಕಟಿಂಗ್ ಶಾಪಿನವನು ಗಿರಾಕಿಯನ್ನು ಕರೆದುಕೊಂಡು ಇಳಿದುಹೋದ. ಉಳಿದವರೂ ಚಾಪೆ ಸುತ್ತಿದರು. ರೇಡಿಯೋ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಟೀಚರಮ್ಮನಿಗೆ ಒಪ್ಪಿಸಿದಳು. ಕೋಲೂ ಆ ಭಿಕ್ಷುವಿನದೇನಾ ಅಂತ ಮೆಲ್ಲಗೆ ವಿಚಾರಿಸಿದಳು.

“ಬಟ್ಟಲು ಅವರದು. ಕೋಲು ಎಲ್ಲರೂ ಕಳೀತಾ ಬಂದಿದೀವಿ,” ಅಂದರು ಟೀಚರಮ್ಮ.

ನಾಳೆ ಯಾರು ಹೊಡೆಯಬೇಕು ಅಂತ ಅವರು ಹೇಳಲಿಲ್ಲ. ರೇಡಿಯೋ ಕೇಳಲೂ ಇಲ್ಲ. ಅವತ್ತಿಡೀ ಚಿಕ್ಕಮ್ಮ ಅವಳೊಡನೆ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದಾಗ ಅವಳು ಕೂರುವ ಜಾಗದಲ್ಲಿ ಬಟ್ಟಲು ಇತ್ತು. ಪಕ್ಕದಲ್ಲಿ ಲಟ್ಟಣಿಗೆ ಇತ್ತು. ಅದರ ಒಂದು ತುದಿಗೆ ಯಾರೋ ಕೆಂಪು ಬಟ್ಟೆ ಸುತ್ತಿ, ದಾರದಿಂದ ಹೊಲಿದಿದ್ದರು. ಹೊಲಿಗೆ ಬಲು ಅಚ್ಚುಕಟ್ಟಾಗಿತ್ತು. ಆ ಮನೆಯಲ್ಲಿ ಹಾಗೆ ಹೊಲಿಯುವವಳು ಒಬ್ಬಳೇ. ಅವಳು ಆಗಲೇ ಮೊದಲ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು.

ಲಟ್ಟಣಿಗೆಯ ಇನ್ನೊಂದು ತುದಿಯಿಂದ ಉದ್ದನೆಯ ದಾರವೊಂದು ಹೊರಟಿತ್ತು. ಅದರ ಕೊನೆಯನ್ನು ಕಿಟಕಿಯ ಸರಳಿಗೆ ಗಂಟು ಹಾಕಿದ್ದರು.

ಕೊನೆಯ ದಿನದ ಬಟ್ಟಲನ್ನು ರೇಡಿಯೋನೇ ಹೊಡೆದಳು. ಅಷ್ಟು ಹೊತ್ತಿಗೆ ಚಿಕ್ಕಮ್ಮನೇ ದಾರ ಬಿಚ್ಚಿದ್ದಳು.

ಊರಿಗೆ ಹೊರಟ ಟೀಚರಮ್ಮನನ್ನು ಕಳಿಸಲು ಬಸ್ ಸ್ಟ್ಯಾಂಡಿಗೆ ಅವಳೂ ತಾತನೂ ಹೋದರು. ಟೀಚರಮ್ಮ ಕಿಟಕಿಯ ಪಕ್ಕ ಕೂತು, ಬಟ್ಟಲಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಕಂಡಕ್ಟರ್ ಸೀಟಿ ಊದುವ ಮೊದಲೇ ತಾತ “ರೈಟ್” ಅಂದುಬಿಟ್ಟ. ಬಸ್ಸು ಹೊರಟಿತು. ರೇಡಿಯೋಳ ಗಂಟಲಿನಲ್ಲಿ ಏನೋ ಬಂದು ಕೂತಿತು. ಅವಳು ಮಾತಾಡದೆ ನಡೆದಳು. ಅರ್ಧ ದಾರಿ ಹೋದ ಮೇಲೆ ತಾತ ಅವಳ ಮುಖ ನೋಡಿದ.

“ಇಳೀತಾ?”

“ಇನ್ನೂ ಇಲ್ಲ.”

“ಇರಲಿ ಬಿಡು. ದೂರದ ಟಿಕೆಟ್ ಇರಬೇಕು.”

ಟೀಚರಮ್ಮ ಹೋದದ್ದು ಭಾನುವಾರ. ಗಂಟಲಲ್ಲಿ ಕೂತಿದ್ದದ್ದು ಹೋದದ್ದು ಮಂಗಳವಾರ, ಲೆಕ್ಕದ ಪೀರಿಯಡ್ಡಿನಲ್ಲಿ. ಇಡೀ ಕ್ಲಾಸಿನಲ್ಲಿ ಅದು ಇಳಿದದ್ದನ್ನು ನೋಡಿದವಳು ರೇಡಿಯೋ ಒಬ್ಬಳೇ. ಯಾರಿಗೂ ಹೇಳಲಿಲ್ಲ.