ಶನಿವಾರದ ರಿಪೇರಿ

ಪಾಂ... ಪಾಂ... ಪಾಂ!

ಹಿಂದಿನಿಂದ ಹಾರ್ನ್ ನಿಲ್ಲುತ್ತಲೇ ಇರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ನೀಲಿ ಕಾರೊಂದು ದೀಪ ಮಿಣುಕಿಸುತ್ತ ಬೆನ್ನು ಹತ್ತಿತ್ತು. ಮಿಷಿಗನ್ ಸರೋವರದ ದಂಡೆಯಲ್ಲಿ, ಜುಲೈ ಬಿಸಿಲಿನಲ್ಲಿ ಹಾಯಾಗಿ ಹೋಗುತ್ತಿದ್ದ ರೆನಾಟಾಗೆ ಸಿಟ್ಟು ನೆತ್ತಿಗೇರಿತು.

ತನ್ನ ಹಳದಿ ಸ್ಪೋರ್ಟ್ಸ್ ಕಾರನ್ನು ಬದಿಗೆ ನಿಲ್ಲಿಸಿ, ಜೋತುಬಿದ್ದ ಬಾಗಿಲನ್ನು ಎತ್ತಿ ತೆರೆದು ಧುಮುಕಿದಳು.

"ಏನ್ರೀ ಅವಸರ? ರಸ್ತೆ ನಿಮ್ಮ ತಾತಂದಾ?"

ನೀಲಿ ಕಾರಿನಿಂದ ಇಳಿದ ಉದ್ದನೆಯ ಮನುಷ್ಯ ತನ್ನ ಟೋಪಿಯನ್ನು ಮುಂದೆ ಹಿಡಿದ. ಟೋಪಿ ತುಂಬ ಚೆರ್ರಿ ಹಣ್ಣು!

"ನಿಮ್ಮ ಡಿಕ್ಕಿ ತೆರೆದಿದೆ ಕಣ್ರೀ. ದಾರಿಯುದ್ದಕ್ಕೂ ಉದುರಿಸ್ಕೊಂಡು ಬಂದಿದ್ದೀರಿ. ನಿಲ್ಲಿಸಿ ಆಯ್ದಷ್ಟು ಇಲ್ಲಿದೆ..."

ರೆನಾಟಾ ತಿರುಗಿ ನೋಡಿದಳು. ಡಿಕ್ಕಿಯ ಹಳೆ ಕೊಂಡಿ ಮತ್ತೆ ಕೈಕೊಟ್ಟಿತ್ತು. ಜಾಮ್ ಮಾಡಲು ಕೊಂಡ ಹಣ್ಣಿನಲ್ಲಿ ಅರ್ಧ ಬುಟ್ಟಿ ಖಾಲಿ!

ನಾಚಿಕೆಯಿಂದ ತಲೆತಗ್ಗಿಸಿದವಳಿಗೆ ಆಗ ಕಂಡಿತು... ಅವನದೂ ತನ್ನಂಥದ್ದೇ ಕಾರು! ಅದೇ ಮಾದರಿ, ಅದೇ ಮುಪ್ಪು.

ಅವನು ಹೊರಡಲು ಕೀಲಿ ತಿರುಗಿಸಿದ. 'ಟಿಕ್' ಎಂದಿತು. ಮತ್ತೇನೂ ಇಲ್ಲ.

"ನಿನ್ನೆ ತಾನೇ ಕೊಂಡೆ..." ಎಂದ ಅಳುಮುಖ ಮಾಡಿ.

ರೆನಾಟಾಗೆ ನಗು ತಡೆಯಲಾಗಲಿಲ್ಲ. ಸ್ಪ್ಯಾನರ್ ತಂದು, ಬಾನೆಟ್ ಎತ್ತಿ, ಸ್ಟಾರ್ಟರ್‌ಗೆ ಮೆಲ್ಲಗೆ ಎರಡೇಟು ಕೊಟ್ಟಳು.

"ಈಗ ತಿರುಗಿಸಿ."

ಕಾರು ಗುರ್ರೆಂದು ಎದ್ದಿತು!

"ನಾನು ಹೆಂಡ್ರಿಕ್. ದನದ ಡಾಕ್ಟ್ರು. ನೀವು ಮೆಕ್ಯಾನಿಕ್ಕಾ?"

"ಜಾಮ್ ಮಾಡೋಳು. ಇಂಥದ್ದೊಂದನ್ನ ಎಷ್ಟೋ ವರ್ಷದಿಂದ ಸಾಕ್ತಿದ್ದೀನಿ, ಅಷ್ಟೇ."

ಮುಂದಿನ ಶನಿವಾರ ನೀಲಿ ಕಾರು ಅವಳ ಮನೆಯ ಮುಂದಿತ್ತು. ಕಿಟಕಿಯ ಗಾಜು ಬಾಗಿಲೊಳಗೆ ಬಿದ್ದುಹೋಗಿತ್ತು. ಅದರ ಮರುವಾರ ಚಾವಣಿ ಸೋರಿತು.

"ಬ್ರೇಕ್ ಹಾಕಿದಾಗೆಲ್ಲ ತಲೆ ಮೇಲೆ ಸ್ನಾನ ಕಣ್ರೀ!"

"ನೀರು ಹೋಗೋ ಕೊಳವೆ ಕಟ್ಟಿಕೊಂಡಿದೆ. ಹಸುವಿನ ಹೊಟ್ಟೆ ಉಬ್ಬರ ಇಳಿಸ್ತೀರಿ, ಇದು ಗೊತ್ತಾಗಲ್ವಾ?" ಎನ್ನುತ್ತ ರೆನಾಟಾ ತಂತಿಯಿಂದ ಕೊಳೆತ ಎಲೆ ಹೊರಗೆಳೆದಳು.

ರಿಪೇರಿ ಮುಗಿದ ಮೇಲೆ ರೆನಾಟಾಳ ಹಳದಿ ಕಾರಿನಲ್ಲಿ ಒಂದು ಸುತ್ತು ಹೋಗಲೇಬೇಕು. ನೆಲಕ್ಕೆ ತಾಗುವಂಥ ಸೀಟು, ತಿರುವಿನಲ್ಲಿ ಎರಡನೇ ಗೇರಿನ ಎಳೆತ, ಪಕ್ಕದಲ್ಲಿ ಹೊಳೆಯುವ ನೀರು... ಹೆಂಡ್ರಿಕ್ ಮಗುವಿನಂತೆ ಕೇಕೆ ಹಾಕುತ್ತಿದ್ದ.

ಅವಳ ಮಾಜಿ ಗಂಡ ಈ ಕಾರನ್ನು 'ಹಳೇ ಡಬ್ಬ' ಎಂದು ಆಡಿಕೊಂಡು ನಗುತ್ತಿದ್ದ. 'ನಾನು ಬೇಕಾ, ಡಬ್ಬ ಬೇಕಾ?' ಎಂದು ಕೇಳಿದ ದಿನ ರೆನಾಟಾ ಅವನ ಸೂಟ್‌ಕೇಸ್ ತಂದು ಕೈಗೆ ಕೊಟ್ಟಿದ್ದಳು. ಆಮೇಲೆ ಈ ಕಾರಿನಲ್ಲಿ ಇನ್ನೊಬ್ಬರ ನಗು ಕೇಳಿಸಿದ್ದು ಈಗಲೇ!

"ಆ ಡಾಕ್ಟ್ರು ಕಾರಿಗೋಸ್ಕರ ಬರ್ತಾನಾ, ನಿನಗೋಸ್ಕರನಾ?" ಅಕ್ಕ ಹಲೀನಾ ಛೇಡಿಸಿದಳು.

"ಕಾರಿಗೇ ಕಣಕ್ಕಾ!"

'ನನಗೋಸ್ಕರ ಆಗಿದ್ರೆ...' ಮನಸ್ಸು ಮಾತ್ರ ಬೇರೆ ಹೇಳಿತು.

ಅಕ್ಟೋಬರ್ ಬಂತು. ಆ ಶನಿವಾರ ನೀಲಿ ಕಾರಿನ ಮುಂದಿನ ದೀಪ ಹತ್ತಲಿಲ್ಲ. ಚಳಿ ಕೊರೆಯುವ ನೆಲದ ಮೇಲೆ ಮಲಗಿ ರೆನಾಟಾ ಒಂದೊಂದೇ ತಂತಿ ತಡಕಿ ನೋಡಿದಳು. ಬೆರಳು ಮರಗಟ್ಟಿದವು. ಕೊನೆಗೆ ಫ್ಯೂಸ್ ಪೆಟ್ಟಿಗೆ ತೆರೆದರೆ ಒಂದು ಜಾಗ ಖಾಲಿ.

"ಫ್ಯೂಸೇ ಇಲ್ಲ! ಎಲ್ಲಿ ಹೋಯ್ತು?"

"ನಿಮ್ಮ ಕೆನ್ನೆ ಮೇಲೆ ಗ್ರೀಸ್..." ಹೆಂಡ್ರಿಕ್ ಒರೆಸಲು ಜೇಬಿನಿಂದ ಕರವಸ್ತ್ರ ಎಳೆದ. ಅದರ ಜೊತೆಗೇ ಫ್ಯೂಸ್ ಕೆಳಗೆ ಬಿತ್ತು!

ಇಬ್ಬರೂ ಅದನ್ನೇ ನೋಡಿದರು.

"ನೀವೇ ಕಿತ್ತಿದ್ದಾ?"

ಅವನು ಬಗ್ಗಿ ಫ್ಯೂಸ್ ಎತ್ತಿಕೊಂಡು ತಲೆತಗ್ಗಿಸಿದ.

"ನಾನು ಚಳೀಲಿ ನೆಲದ ಮೇಲೆ ಉರುಳಾಡೋದನ್ನ ನೋಡ್ಕೊಂಡು ನಗ್ತಿದ್ರಾ?"

"ರೆನಾಟಾ, ಒಂದು ನಿಮಿಷ..."

"ಹೋಗಿ! ಇನ್ನು ಬರಬೇಡಿ."

ಬಾಗಿಲು ಹಾಕಿಕೊಂಡು ಅತ್ತಳು. 'ಇವನೂ ನನ್ನ ನೋಡಿ ನಗೋನೇ...'

ಮರು ಶನಿವಾರ ಜಾಮ್ ಕಲಕುತ್ತ, ತಾನೇನೂ ಕಾರಿನ ಸದ್ದಿಗೆ ಕಾಯುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಸದ್ದು ಬರಲೇ ಇಲ್ಲ. ಬಾಗಿಲು ಬಡಿದ ಶಬ್ದ ಬಂತು.

ಹೆಂಡ್ರಿಕ್! ಮುಖವೆಲ್ಲ ಕೆಂಪಾಗಿ ಏದುಸಿರು ಬಿಡುತ್ತಿದ್ದ. ಹಿಂದೆ, ಬೇಲಿಗೆ ಒಂದು ಸೈಕಲ್ ಒರಗಿತ್ತು.

"ಕಾರೆಲ್ಲಿ?"

"ಮನೇಲಿ. ಅದಕ್ಕೆ ಯಾವ ತೊಂದರೇನೂ ಇಲ್ಲ. ಅದೇ ನನ್ನ ತೊಂದರೆ."

"ಅರ್ಥ ಆಗೋ ಹಾಗೆ ಮಾತಾಡಿ!"

"ನೀವು ಅದನ್ನ ಪೂರ್ತಿ ಸರಿ ಮಾಡಿಬಿಟ್ರಿ. ಬರೋಕೆ ನನಗೆ ನೆಪವೇ ಉಳೀಲಿಲ್ಲ. ಅದಕ್ಕೆ ಫ್ಯೂಸ್ ಕಿತ್ತೆ. ನಿಮ್ಮನ್ನ ಚಳೀಲಿ ಒದ್ದಾಡಿಸಿದ್ದು ತಪ್ಪು, ಕ್ಷಮಿಸಿ... ಇವತ್ತು ನೆಪ ಇಲ್ಲದೇ ಬಂದಿದ್ದೀನಿ. ನಿಮ್ಮನ್ನ ಪ್ರೀತಿಸ್ತೀನಿ, ಅದನ್ನ ಹೇಳೋಕೆ."

ರೆನಾಟಾ ಕಣ್ಣೊರೆಸಿಕೊಂಡು ಬೇಲಿಯತ್ತ ನೋಡಿದಳು.

"ದಾರೀಲಿ ಅಷ್ಟು ದೊಡ್ಡ ಗುಡ್ಡ ಇದೆ... ಸೈಕಲ್‌ನಲ್ಲಾ ಹತ್ತಿ ಬಂದಿದ್ದು?"

"ಕಾರಲ್ಲಿ ಬಂದಿದ್ರೆ ನೀವು ಬಾನೆಟ್ ತೆಗೀತಿದ್ರಿ. ನನ್ನ ಮುಖ ಎಲ್ಲಿ ನೋಡ್ತಿದ್ರಿ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಒಳಗೆ ಬಾ, ದಡ್ಡ! ನೀನು ಬರ್ತೀಯೋ ಇಲ್ವೋ ಅಂತ ಯೋಚಿಸ್ತಾ ಜಾಮ್ ತಳ ಹಿಡಿಸಿಬಿಟ್ಟೆ."

"ಏನಂದ್ರಿ?"

"ಜಾಮ್ ತಳ ಹಿಡೀತು ಅಂದೆ."

"ಅದಲ್ಲ... ನನ್ನ 'ನೀನು' ಅಂದ್ರಿ."

ಅವಳ ಕೆನ್ನೆ ಚೆರ್ರಿಯಂತೆ ಕೆಂಪಾಯಿತು.

"ಅಂದೆ. ಬೇಜಾರಾಯ್ತಾ?"

"ಇನ್ನೊಂದ್ಸಲ ಅನ್ನು."

ತಣ್ಣಗಾಗಿದ್ದ ಅವನ ಎರಡೂ ಕೈಗಳನ್ನು ರೆನಾಟಾ ತನ್ನ ಅಂಗೈಯಲ್ಲಿ ತೆಗೆದುಕೊಂಡಳು.

"ನೀನು... ಇನ್ನು ಶನಿವಾರಕ್ಕೆ ಕಾಯಬೇಡ."