ಶಾಲಿನೊಳಗಿನ ಕೈ

ನಾಟಕಗಳಿಗೆ ಪರದೆಯ ಮೇಲಿನ ಚಿತ್ರಗಳನ್ನು ಮಾಡಿಕೊಡುವುದು ನನ್ನ ಕೆಲಸ. ದೆವ್ವಗಿವ್ವ ನಂಬುವವನಲ್ಲ. ನೀವು ನಂಬದಿದ್ದರೂ ಬೇಸರವಿಲ್ಲ, ಕಂಡದ್ದನ್ನು ಹೇಳುತ್ತೇನೆ.

ಆ ನಾಟಕದಲ್ಲಿ ಮೊಮ್ಮಗಳ ಪಾತ್ರ ನನ್ನ ತಂಗಿಯದು. ಸತ್ತ ಅಜ್ಜಿ ಮಾತ್ರ ನಾನು ಮಾಡಿದ ಅನಿಮೇಶನ್. ಪರದೆಯ ಮೇಲೆ ಕುರ್ಚಿಯಲ್ಲಿ ಕೂತು ನಾಲ್ಕು ಮಾತಾಡಿ ಮಾಯವಾಗುತ್ತಾಳೆ. ಕೈ ಬರೆಯುವುದು ದೊಡ್ಡ ತಲೆನೋವೆಂದು ಎರಡೂ ಕೈಗಳನ್ನು ಶಾಲಿನೊಳಗೆ ಮುಚ್ಚಿಬಿಟ್ಟಿದ್ದೆ. "ಪರದೆ ಹತ್ರ ಹೋಗಬೇಡ ಕಣೇ, ಅಜ್ಜಿ ಮುಖ ನಿನ್ನ ಬಟ್ಟೆ ಮೇಲೆ ಬೀಳುತ್ತೆ" ಎಂದು ತಂಗಿಗೆ ತಾಲೀಮಿನಲ್ಲಿ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು.

ಮೊದಲ ಪ್ರದರ್ಶನ ಮಧ್ಯಾಹ್ನ. ಅಜ್ಜಿಯ ದೃಶ್ಯದಲ್ಲೇ ತಂಗಿ ಮಾತು ಮರೆತು ನಿಂತಳು. ಚಿತ್ರ ಯಾರಿಗೂ ಕಾಯುವುದಿಲ್ಲ, ತನ್ನ ಪಾಡಿಗೆ ಓಡುತ್ತದೆ. ಆದರೆ ಅಜ್ಜಿ ಕಾದಳು. ತಲೆ ಓರೆ ಮಾಡಿ ತಂಗಿಯನ್ನೇ ನೋಡುತ್ತ ಕಾದಳು. ನಾನು ಲ್ಯಾಪ್‌ಟಾಪಿನ ಕೀ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ, ಏನೂ ಆಗಲಿಲ್ಲ. ತಂಗಿ ನೇರವಾಗಿ ಹೋಗಿ ಪರದೆಯ ಬುಡದಲ್ಲಿ ಕೂತಳು. ಅವಳ ಬಿಳಿ ಬಟ್ಟೆಯ ಮೇಲೆ ಚಿತ್ರದ ಒಂದು ಗೆರೆಯೂ ಬೀಳಲಿಲ್ಲ. ಪರದೆಯ ಮೇಲೆ ಎರಡು ನೆರಳುಗಳಿದ್ದವು. ಬರೀ ಬೆಳಕಿನಿಂದಾದ ಅಜ್ಜಿಗೆ ನೆರಳೆಲ್ಲಿಂದ ಬರಬೇಕು?

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಟ ಮುಗಿದ ಮೇಲೆ ತಂಗಿ ಮಣಿಕಟ್ಟು ಉಜ್ಜಿಕೊಳ್ಳುತ್ತ, ನಗುತ್ತಲೇ ನನ್ನ ಹತ್ತಿರ ಬಂದಳು.

"ಮಾನ ಕಾಪಾಡಿಬಿಟ್ಟೆ ಅಣ್ಣ. ಹೇಗೆ ಮಾಡ್ದೆ ಅಂತ ಕೇಳಲ್ಲ. ಆದ್ರೆ ಅಜ್ಜಿ ಕೈ ತುಂಬಾ ತಣ್ಣಗಿತ್ತು ಕಣೋ. ನಾಳೆ ಸ್ವಲ್ಪ ಬೇಗ ಬಿಡೋ ಹಾಗೆ ಮಾಡು."